ಮಕ್ಕಳ ಕೈಗೆ ಶಾಲೆಯ ಕಥೆಗಳು

ನಿಮ್ಮ ಮನೆಯ ಹುಡುಗನಿಗೆ ಶಾಲೆಯ ಹೊತ್ತಿಗೇ ಸರಿಯಾಗಿ ಹೊಟ್ಟೆನೋವು ಬರುತ್ತದೆಯೇ? ಕಷಾಯಕ್ಕಿಂತ ಮೊದಲು ಒಂದು ಕಥೆಪುಸ್ತಕವನ್ನು ಕೊಟ್ಟು ನೋಡಿ. ಗದರಿಸಿ ಕೇಳಿದರೆ ಬಾಯಿಬಿಡದ ಮಗು, ಇನ್ನೊಬ್ಬ ಹುಡುಗನ ಶಾಲೆಯ ಕಥೆಯನ್ನು ಕೇಳುತ್ತ ಕೇಳುತ್ತ ತನ್ನದನ್ನೂ ಹೇಳಿಬಿಡುವುದುಂಟು.

ಅರಸೀಕೆರೆಯ ಮಕ್ಕಳಿಗೆ ರೈಲುಗಾಡಿ ಹೊಸದಲ್ಲ. ಹುಬ್ಬಳ್ಳಿಯ ದಾರಿಯಿಂದ ಹಾಸನ, ಮೈಸೂರುಗಳ ದಾರಿ ಕವಲೊಡೆಯುವುದು ಅಲ್ಲಿಯೇ. ಆದರೆ ರೈಲಿನ ಡಬ್ಬಿಯೇ ತರಗತಿಯಾಗಿದ್ದ ಶಾಲೆಯೊಂದಿತ್ತು ಎಂದರೆ ಅವರೂ ಕಿವಿ ನಿಮಿರಿಸುತ್ತಾರೆ. ಜಪಾನಿನ ತೆತ್ಸುಕೊ ಕುರೊಯನಾಗಿಯವರು 1981ರಲ್ಲಿ ಪ್ರಕಟಿಸಿದ ‘ತೊತ್ತೊಚಾನ್’ ಆ ಶಾಲೆಯ ನಿಜಸಂಗತಿ, ಕನ್ನಡದಲ್ಲೂ ದೊರೆಯುತ್ತದೆ. ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕೂಗಿ ಕರೆಯುತ್ತಿದ್ದ ಹುಡುಗಿಯನ್ನು ಮೊದಲಿನ ಶಾಲೆಯವರು ಬೇಡವೆಂದರು. ಹೊಸ ಶಾಲೆಯ ಹೆಡ್‌ಮಾಸ್ತರರಾದ ಕೊಬಾಯಾಶಿಯವರು ಮೊದಲ ದಿನವೇ ನಾಲ್ಕು ಗಂಟೆಯ ಕಾಲ ಅವಳ ಮಾತನ್ನು ಕೇಳುತ್ತ ಕುಳಿತರು. ನಾವು ನಮ್ಮ ಮಕ್ಕಳ ಮಾತನ್ನು ನಾಲ್ಕು ನಿಮಿಷ ಕೇಳುತ್ತೇವೆಯೇ? 1945ರಲ್ಲಿ ಆ ಶಾಲೆ ಬಾಂಬಿಗೆ ಸುಟ್ಟುಹೋಯಿತು. ಆ ಭಾಗವನ್ನು ಚಿಕ್ಕ ಮಕ್ಕಳಿಗೆ ನೀವೇ ಜೊತೆಗೆ ಕುಳಿತು ಓದಿ ಹೇಳಿ.

ಮೈಸೂರಿನಲ್ಲಿ ಬಹುಕಾಲ ಬಾಳಿದ ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರದು. ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದಾಗಿ ಸ್ವಾಮಿ ನಮ್ಮವನೇ ಆಗಿದ್ದಾನೆ. ಅಪ್ಪ ಮಾವಿನಹಣ್ಣಿನ ಬೆಲೆಯ ಲೆಕ್ಕ ಕೊಟ್ಟರೆ, ಹಣ್ಣು ಕಳಿತದ್ದೋ ಕಾಯಿಯೋ ಎಂದು ತಲೆಕೆಡಿಸಿಕೊಳ್ಳುವ ಹುಡುಗ ಅವನು. ಲೆಕ್ಕ ತಪ್ಪಿರಬಹುದು, ಸಂಶಯ ತಪ್ಪಲ್ಲ! ಕಡೆಯ ಅಧ್ಯಾಯದಲ್ಲಿ, ಮಾತು ಬಿಟ್ಟ ಗೆಳೆಯ ಊರು ಬಿಡುವಾಗ ಸ್ವಾಮಿ ಪುಸ್ತಕವೊಂದನ್ನು ಹಿಡಿದು ಸ್ಟೇಷನ್ನಿಗೆ ಹೋಗುತ್ತಾನೆ. ಜಂಕ್ಷನ್ನಿನ ಮಕ್ಕಳಿಗೆ ಆ ಪ್ಲಾಟ್‌ಫಾರಂ ವಿವರಿಸಬೇಕಾಗಿಲ್ಲ.

ಇಂಗ್ಲಿಷ್ ವಸತಿಶಾಲೆಗಳ ಕಥೆಗಳನ್ನೂ ಓದಲಿ, ಬೇಡವೆನ್ನುವುದಿಲ್ಲ. ಆದರೆ ನಡುರಾತ್ರಿ ಕದ್ದು ತಿನ್ನುವ ಕೇಕೇ ಶಾಲೆಯ ಪರಮಸಾಹಸವೆಂದು ನಮ್ಮ ಮಕ್ಕಳು ತಿಳಿಯಬಾರದು. ಹಾಸನ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ (1996), ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು, ಅನ್ನಕ್ಕಾಗಿ ಅಲೆಯುತ್ತಲೇ ಓದಿದುದನ್ನು ಹೇಳಿದ್ದಾರೆ. ಹೈಸ್ಕೂಲು ದಾಟುವವರಿಗೆ ಅದು ತಕ್ಕದ್ದು, ಕಿರಿಯರಿಗೆ ಭಾರವಾದೀತು. ಕುಂ. ವೀರಭದ್ರಪ್ಪನವರ ‘ಕೊಟ್ರೇಶಿ ಕನಸು’ ಗಾತ್ರದಲ್ಲಿ ಚಿಕ್ಕದು. ದಲಿತ ಹುಡುಗನೊಬ್ಬ ಮುಂದೆ ಓದಬೇಕೆಂದು ಬಯಸಿದ್ದೇ ಊರಿನ ದೊಡ್ಡವರಿಗೆ ಸಹಿಸದಾದ ಕಥೆ. 1994ರಲ್ಲಿ ಚಲನಚಿತ್ರವೂ ಆಯಿತು.

ಬೇಲೂರು, ಹಳೇಬೀಡುಗಳಲ್ಲಿ ಪ್ರವಾಸದ ಬಸ್ಸಿನಿಂದ ಇಳಿದು ಸಾಲಾಗಿ ನಡೆಯುವ ಮಕ್ಕಳನ್ನು ಕಂಡಿದ್ದೀರಿ. ಅವರದೇ ವಯಸ್ಸಿನ ಹುಡುಗನೊಬ್ಬ ಚಿತ್ರದ ಕಾರ್ಡುಗಳನ್ನು ಹಿಡಿದು ಹಿಂದೆ ಓಡುವುದನ್ನೂ ಕಂಡಿರಬಹುದು. ಕೊಟ್ರೇಶಿಯನ್ನು ಓದಿದ ಮಗು ಆ ಹುಡುಗನನ್ನು ಕಂಡರೆ, ಇವನು ಯಾವ ಶಾಲೆ ಎಂದು ನಿಮ್ಮನ್ನು ಕೇಳೀತು.

ಸಂಜೆಯ ವಾರ್ತೆ ಮುಗಿದು ರೇಡಿಯೋ ಆರಿಸಿದ ಮೇಲೆ ದಿನಕ್ಕೊಂದು ಅಧ್ಯಾಯ ಸಾಕು. ಮುಗಿದೊಡನೆ ‘ಇದರಿಂದ ಏನು ಕಲಿತೆ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಬೆಳಿಗ್ಗೆ ಶಾಲೆಯಲ್ಲಿ ಹೇಗೂ ಬರುತ್ತದೆ.