ಮನೆಗೆ ತಕ್ಕ ಮಾನಿಟರು

ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಎಲೆಕ್ಟ್ರಾನಿಕ್ಸ್ ಸಿಟಿಯ ಕಚೇರಿಗಳಲ್ಲಿ ಉದ್ಯೋಗದಲ್ಲಿರುವರು. ಕೆಲವರು ಮನೆಯಲ್ಲಿ ಕುಳಿತೇ ಕಂಪ್ಯೂಟರಿನ ಮೂಲಕ ಕೆಲಸ ನಡೆಸುವರು. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಭೂಮಿಯಲ್ಲಿ ಆ ನಗರಕ್ಕೆ ತಳಹದಿ ಹಾಕಿದಂದಿನಿಂದ ಹೊಸೂರು ರಸ್ತೆಯ ಅಂಚಿನ ನಮ್ಮ ಬೊಮ್ಮನಹಳ್ಳಿಯ ಜೀವನಕ್ರಮವೂ ಮಾರ್ಪಡುತ್ತ ಬಂದಿದೆ. ೨೦೨೦ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಊರೆಲ್ಲ ಬಾಗಿಲು ಮುಚ್ಚಿದಾಗಲಂತೂ ಪಾಠಶಾಲೆಯೂ ಕಚೇರಿಯೂ ಮನೆಯೊಳಕ್ಕೇ ಬಂದುವು. ಅಂದಿನಿಂದ ತಾಯಿತಂದೆಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: “ಮಗಳ ಓದಿಗೆ ಎಂಥ ಮಾನಿಟರನ್ನು ಕೊಳ್ಳೋಣ, ಅಮ್ಮ?”

ಇದು ಅಲ್ಪವಾದ ಪ್ರಶ್ನೆಯಲ್ಲ. ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ತಾಯಿಯು ತಿಂಗಳು ತಿಂಗಳು ಕೂಡಿಟ್ಟ ಹಣ ಅದು. ಒಮ್ಮೆ ಕೊಂಡ ವಸ್ತು ಮನೆಗೆ ಹೊಂದದೆ ಹೋದರೆ ಇನ್ನೊಂದನ್ನು ಕೊಳ್ಳುವ ಅನುಕೂಲವಿರದು. ಆದಕಾರಣ ತಿಳಿದಿರತಕ್ಕ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಅರಿಕೆ ಮಾಡುತ್ತೇವೆ.

ಮೊದಲನೆಯದಾಗಿ ಗಾತ್ರದ ವಿಷಯ. ಅಂಗಡಿಯವರು ಹೇಳುವ ಇಂಚಿನ ಲೆಕ್ಕವು ತೆರೆಯ ಅಗಲವಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣರೇಖೆಯ ಉದ್ದ. ಸಾಮಾನ್ಯವಾದ ೨೪ ಇಂಚಿನ ಮಾನಿಟರು ಸುಮಾರು ೨೧ ಇಂಚು ಅಗಲವೂ ೧೨ ಇಂಚು ಎತ್ತರವೂ ಇರುವುದು. ೨೭ ಇಂಚಿನದು ಸುಮಾರು ೨೩½ ಇಂಚು ಅಗಲವೂ ೧೩ ಇಂಚು ಎತ್ತರವೂ ಇರುವುದು. ಹೆಚ್ಚಿದ್ದು ಮೂರೇ ಇಂಚೆಂದು ತೋರಿದರೂ ತೆರೆಯ ಕ್ಷೇತ್ರವು ಕಾಲುಭಾಗಕ್ಕಿಂತ ಅಧಿಕವಾಗಿ ಬೆಳೆಯುವುದು. ಪೈಥಾಗೊರಸನ ಪ್ರಮೇಯವನ್ನು ಕಲಿತ ನಮ್ಮ ಹುಡುಗಿಯರು ಇದನ್ನು ತಾವೇ ಲೆಕ್ಕಹಾಕಿ ನೋಡಬಹುದು.

ತೆರೆಯು ಕಣ್ಣಿಗೆ ಒಂದು ತೋಳಿನಷ್ಟು ದೂರದಲ್ಲಿರಬೇಕು. ಹಾಗಾದರೆ ಮೇಜು ಎರಡಡಿಯಾದರೂ ಆಳವಾಗಿರಬೇಕಾಯಿತು. ಇಕ್ಕಟ್ಟಾದ ಕೋಣೆಯಲ್ಲಿ ಸಣ್ಣ ಮೇಜಿನ ಮೇಲೆ ೨೭ ಅಥವಾ ೩೨ ಇಂಚಿನ ಮಾನಿಟರನ್ನಿಟ್ಟರೆ ಮಗುವು ಆ ಅಂಚಿನಿಂದ ಈ ಅಂಚಿಗೆ ಕತ್ತು ಹೊರಳಿಸುತ್ತ ಓದಬೇಕಾಗುವುದು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಅಳತೆಪಟ್ಟಿಯನ್ನು ಹಿಡಿದು ಮೇಜನ್ನು ಅಳೆಯತಕ್ಕದ್ದು.

ಎರಡನೆಯದು ಸ್ಪಷ್ಟತೆ. ತೆರೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳಿಂದಾದದ್ದು. ‘ಫುಲ್ ಎಚ್.ಡಿ.’ ಎಂದರೆ ಅಡ್ಡಕ್ಕೆ ೧೯೨೦, ಮೇಲಿನಿಂದ ಕೆಳಕ್ಕೆ ೧೦೮೦ ಚುಕ್ಕಿಗಳು. ಇಷ್ಟೇ ಚುಕ್ಕಿಗಳು ೨೪ ಇಂಚಿನ ತೆರೆಯಲ್ಲಿ ಇಂಚಿಗೆ ೯೨ರಂತೆಯೂ, ೨೭ ಇಂಚಿನದರಲ್ಲಿ ೮೨ರಂತೆಯೂ ಹರಡುವುವು. ಹೊಲಿಗೆ ತರಗತಿಯಲ್ಲಿ ಕಸೂತಿ ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಷ್ಟೇ ಹೊಲಿಗೆಗಳನ್ನು ದೊಡ್ಡ ಬಟ್ಟೆಗೆ ಹರಡಿದರೆ ಹೂವು ದೊಡ್ಡದಾಗುವುದೇ ಹೊರತು ನಯವಾಗದು. ಕನ್ನಡದ ಒತ್ತಕ್ಷರಗಳನ್ನು ಓದುವಾಗ ಈ ವ್ಯತ್ಯಾಸವು ಬೇಗ ಗೋಚರವಾಗುವುದು. ೨೭ ಇಂಚಿನದೇ ಬೇಕೆಂಬವರು ೨೫೬೦ಕ್ಕೆ ೧೪೪೦ ಚುಕ್ಕಿಗಳುಳ್ಳದ್ದನ್ನು ಕೊಳ್ಳುವುದು ಲೇಸು. ಅದರಲ್ಲಿ ಇಂಚಿಗೆ ಸುಮಾರು ೧೦೯ ಚುಕ್ಕಿಗಳಿರುವುವು.

ಮೂರನೆಯದು ಪ್ಯಾನೆಲಿನ ಜಾತಿ. ತೆರೆಯ ಹಿಂದೆ ಬೆಳಕೊಂದು ಸದಾ ಉರಿಯುತ್ತಿರುವುದು. ಅದರ ಮುಂದಿನ ಗಾಜುಗಳ ನಡುವೆ ದ್ರವಸ್ಫಟಿಕವೆಂಬ ವಸ್ತುವುಂಟು. ಅದು ದ್ರವದಂತೆ ಹರಿಯುವುದು, ಆದರೂ ಸ್ಫಟಿಕದಂತೆ ಅದರ ಅಣುಗಳಿಗೆ ಒಂದು ಕ್ರಮವಿರುವುದು. ವಿದ್ಯುತ್ತು ಹಾಯ್ದಾಗ ಆ ಅಣುಗಳು ತಿರುಗಿ, ಕಿಟಕಿಯ ಪಟ್ಟಿಗಳಂತೆ ಬೆಳಕನ್ನು ಬಿಡುವುವು ಇಲ್ಲವೆ ತಡೆಯುವುವು. ಅಂಗಡಿಯವರು ‘ಎಲ್.ಇ.ಡಿ. ಮಾನಿಟರ್’ ಎನ್ನುವಾಗ ಸಾಮಾನ್ಯವಾಗಿ ಹಿಂದಿನ ಬೆಳಕನ್ನು ಹೇಳುವರೇ ಹೊರತು ಪ್ಯಾನೆಲಿನ ಜಾತಿಯನ್ನಲ್ಲ.

ಟಿ.ಎನ್. ಎಂಬ ಹಳೆಯ ಜಾತಿಯು ಅಗ್ಗ ಹಾಗೂ ಚುರುಕು. ಆದರೆ ಓರೆಯಾಗಿ, ವಿಶೇಷವಾಗಿ ಕೆಳಗಿನಿಂದ, ನೋಡಿದರೆ ಬಣ್ಣ ಕೆಡುವುದು. ಐ.ಪಿ.ಎಸ್. ಜಾತಿಯಲ್ಲಿ ಯಾವ ಕಡೆಯಿಂದ ನೋಡಿದರೂ ಬಣ್ಣವು ಬಹುಮಟ್ಟಿಗೆ ಒಂದೇ ತೆರನಾಗಿರುವುದು. ಕತ್ತಲೆ ಕೋಣೆಯಲ್ಲಿ ಮಾತ್ರ ಕಪ್ಪು ಬಣ್ಣವು ತುಸು ಬೂದಿಯಾಗಿ ತೋರುವುದು. ವಿ.ಎ. ಜಾತಿಯಲ್ಲಿ ಕಪ್ಪು ಗಾಢ. ಆದರೆ ವೇಗವಾಗಿ ಚಲಿಸುವ ಚಿತ್ರದ ಹಿಂದೆ ನೆರಳಿನಂಥ ಮಸಕು ಉಳಿಯುವುದುಂಟು. ಓ.ಎಲ್.ಇ.ಡಿ.ಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುವುದು. ಅದರ ಚೆಲುವು ಅಧಿಕ, ಬೆಲೆಯೂ ಅಧಿಕ, ಮತ್ತು ಒಂದೇ ಚಿತ್ರವು ಬಹುಕಾಲ ನಿಂತರೆ ಗುರುತು ಉಳಿಯುವ ಭಯವೂ ಉಂಟು.

ಈ ವಿಷಯದಲ್ಲಿ ನಮ್ಮೂರು ಹೆಮ್ಮೆಪಡತಕ್ಕ ಸಂಗತಿಯೊಂದಿದೆ. ದ್ರವಸ್ಫಟಿಕದ ಅಣುಗಳು ಕಡ್ಡಿಯಾಕಾರದವೇ ಆಗಿರಬೇಕೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ೧೯೭೭ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ಚಂದ್ರಶೇಖರರೂ ಅವರ ಸಹೋದ್ಯೋಗಿಗಳಾದ ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಎಂಬವರೂ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗಬಲ್ಲದೆಂದು ತೋರಿಸಿಕೊಟ್ಟರು. ೧೯೯೦ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪೆನಿಯವರು ಬಿಲ್ಲೆಯಾಕಾರದ ಅಣುಗಳ ತೆಳು ಪೊರೆಯನ್ನು ಮಾಡಿ, ಟಿ.ಎನ್. ತೆರೆಗಳ ಓರೆನೋಟದ ದೋಷವನ್ನು ತಗ್ಗಿಸಿದರು. ಚಂದ್ರಶೇಖರರು ೧೯೯೧ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನೂ ಸ್ಥಾಪಿಸಿದರು. ಮಾನಿಟರಿನ ಮುಂದೆ ಕುಳಿತ ಹುಡುಗಿಯು, ಆ ವಿದ್ಯೆಯ ಒಂದಂಶವು ತನ್ನೂರಿನಲ್ಲೇ ಹುಟ್ಟಿತೆಂಬುದನ್ನು ಅರಿತಿರಬೇಕು.

ಹಾಗಾದರೆ ಯಾವುದನ್ನು ಆರಿಸತಕ್ಕದ್ದು? ಒಂದೇ ಕೋಣೆಯ ಮನೆಯಲ್ಲಿ ಅಕ್ಕನು ಕುರ್ಚಿಯ ಮೇಲೂ ತಮ್ಮನು ಪಕ್ಕದ ಸ್ಟೂಲಿನ ಮೇಲೂ ಕುಳಿತು, ತಾಯಿಯು ಚಾಪೆಯ ಮೇಲಿಂದ ಪಾಠವನ್ನು ನೋಡುವುದು ಸಾಮಾನ್ಯ. ಅಂಥಲ್ಲಿ ಎಲ್ಲ ಕಡೆಗೂ ಸಮನಾಗಿ ಕಾಣುವ ಐ.ಪಿ.ಎಸ್. ಜಾತಿಯ, ೨೪ ಇಂಚಿನ, ಫುಲ್ ಎಚ್.ಡಿ. ಮಾನಿಟರೇ ಉಚಿತವೆಂದು ನಮ್ಮ ಅಭಿಪ್ರಾಯ. ಚಿತ್ರಕಲೆ, ವಿನ್ಯಾಸಗಳನ್ನು ಕಲಿಯುವವರಿಗೂ ಇದೇ ಜಾತಿ ಒಳ್ಳೆಯದು. ರಾತ್ರಿ ಸಿನಿಮಾ ನೋಡುವುದೇ ಮುಖ್ಯವಾದವರಿಗೆ ವಿ.ಎ. ಹಿಡಿಸಬಹುದು.

ಎಸ್. ಪಿ. ರಸ್ತೆಯ ಅಂಗಡಿಗಳಿಗೆ ಹೋದಾಗ ಮಾತಿಗಿಂತ ಪರೀಕ್ಷೆಯನ್ನು ನಂಬಿರಿ. ತೆರೆಯನ್ನೆಲ್ಲ ಬಿಳಿಮಾಡಿಸಿ, ಸತ್ತ ಚುಕ್ಕಿಗಳುಂಟೋ ನೋಡಿರಿ. ಬಳಿಕ ಕಪ್ಪು ಮಾಡಿಸಿ ಅಂಚಿನಲ್ಲಿ ಬೆಳಕು ಸೋರುವುದೋ ಗಮನಿಸಿರಿ. ಬಣ್ಣದ ಚಿತ್ರವೊಂದನ್ನು ಹಾಕಿಸಿ, ಬದಿಯಿಂದಲೂ ಬಗ್ಗಿ ಕೆಳಗಿನಿಂದಲೂ ನೋಡಿರಿ. ಕನ್ನಡ ಪುಟವೊಂದನ್ನು ಮಗಳೇ ಓದಲಿ. ಮನೆಯ ಕಂಪ್ಯೂಟರಿಗೆ ತಕ್ಕ ಎಚ್.ಡಿ.ಎಂ.ಐ. ಕಿಂಡಿಯುಂಟೋ, ಸ್ಟ್ಯಾಂಡು ಏರಿಳಿಯುವುದೋ, ಗ್ಯಾರಂಟಿ ಎಷ್ಟು ವರ್ಷವೋ ಕೇಳಿ, ರಸೀದಿಯನ್ನು ಜೋಪಾನವಾಗಿಡಿರಿ. ಕಚೇರಿಗಳು ಬಿಟ್ಟ ಹಳೇ ಮಾನಿಟರನ್ನು ಕೊಳ್ಳುವವರಿಗೂ ಈ ಪರೀಕ್ಷೆಗಳೇ ಸಾಕು.

ಮನೆಯಲ್ಲಿ ತೆರೆಯನ್ನು ಕಿಟಕಿಗೆ ಎದುರಾಗಿಯಾಗಲಿ ಬೆನ್ನಾಗಿಯಾಗಲಿ ಇಡದೆ, ಬೆಳಕು ಪಕ್ಕದಿಂದ ಬರುವಂತೆ ಇಡತಕ್ಕದ್ದು. ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ಮರವನ್ನಾದರೂ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು.

ಕೊನೆಯದಾಗಿ ಒಂದು ಬಿನ್ನಹ. ಮನೆಗೆ ಬಂದ ಮಾನಿಟರಿನ ಮುಂದೆ ಮಗನಿಗೆ ಸಂಜೆಯೆಲ್ಲ ಸ್ಥಳವಿದ್ದು, ಮಗಳ ಸರದಿಯು ಪಾತ್ರೆ ತೊಳೆದ ಮೇಲೆ ಬರುವುದಾದರೆ ಎಷ್ಟು ಇಂಚಿನದನ್ನು ಕೊಂಡರೂ ಅದು ಅವಳ ಪಾಲಿಗೆ ಚಿಕ್ಕದೇ ಸರಿ. ಹೊತ್ತನ್ನು ಸಮನಾಗಿ ಹಂಚಿ, ಆ ಪಟ್ಟಿಯನ್ನು ಗೋಡೆಗೆ ಅಂಟಿಸಿರೆಂದು ತಾಯಿತಂದೆಗಳನ್ನು ಪ್ರೀತಿಯಿಂದ ಕೇಳಿಕೊಳ್ಳುತ್ತೇವೆ.