ಒಂದು ಅಂಕದ ಸೋಲು, ಒಂದು ಊರಿನ ಗೆಲುವು

ಹೆಸರು, ಕೀರ್ತಿ ಕೈಯಲ್ಲಿರುವಾಗಲೇ ಮಹಾನಗರ ಬಿಟ್ಟು ಸಣ್ಣ ಊರಿಗೆ ಹೋಗುವವರು ವಿರಳ. ಆಸ್ಟ್ರೇಲಿಯಾದ ಬಾಬ್ ರೋಸ್ ಅಂಥವರಲ್ಲೊಬ್ಬರು.

ಅವರದು 'ಆಸ್ಟ್ರೇಲಿಯನ್ ರೂಲ್ಸ್' ಫುಟ್‌ಬಾಲ್. ಕ್ರಿಕೆಟ್ ಮೈದಾನದಷ್ಟು ವಿಶಾಲವಾದ ಬಯಲಿನಲ್ಲಿ ತಲಾ 18 ಮಂದಿಯ ತಂಡಗಳು ಆಡುವ ಆಟ. ಚೆಂಡು ಮೊಟ್ಟೆಯಾಕಾರದ್ದಾದ್ದರಿಂದ ಬಿದ್ದಾಗ ಎತ್ತ ಪುಟಿಯುವುದೆಂದು ಹೇಳಲಾಗದು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಚೆಂಡು ಪಕ್ಕದ ಕಂಬದ ಕಡೆ ಸರಿದರೆ ಒಂದೇ ಅಂಕ.

1928ರಲ್ಲಿ ವಿಕ್ಟೋರಿಯಾ ರಾಜ್ಯದ ನಯಾ ವೆಸ್ಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ರೋಸ್, 1946ರಲ್ಲಿ ಮೆಲ್ಬರ್ನ್‌ನ ಪ್ರಸಿದ್ಧ ಕಾಲಿಂಗ್‌ವುಡ್ ಕ್ಲಬ್ ಸೇರಿದರು. 152 ಪಂದ್ಯಗಳನ್ನಾಡಿ, ನಾಲ್ಕು ಸಲ ಕ್ಲಬ್ಬಿನ ಅತ್ಯುತ್ತಮ ಆಟಗಾರರೆನಿಸಿದರು. 1953ರಲ್ಲಿ ತಂಡ ಚಾಂಪಿಯನ್ ಆಯಿತು.

ಆದರೆ ಕೀರ್ತಿಯಿಂದ ಸಂಸಾರ ನಡೆಯುತ್ತದೆಯೇ? ಆಟಗಾರರಿಗೆ ಇಂತಿಷ್ಟೇ ಹಣ ಕೊಡಬೇಕೆಂದು ನಗರದ ಲೀಗಿನಲ್ಲಿ ಕಟ್ಟುನಿಟ್ಟು. ಗ್ರಾಮಾಂತರ ಕ್ಲಬ್ಬುಗಳಿಗೆ ಆ ಕಟ್ಟಳೆ ಇರಲಿಲ್ಲ. 1955ರ ಕೊನೆಗೆ, 27ನೇ ವಯಸ್ಸಿನಲ್ಲಿ, ರೋಸ್ ಕಾಲಿಂಗ್‌ವುಡ್ ಬಿಟ್ಟರು. ಸುಮಾರು 250 ಕಿ.ಮೀ. ದೂರದ ವಾಂಗರಾಟಾ ಪಟ್ಟಣದ ರೋವರ್ಸ್ ಕ್ಲಬ್ಬಿಗೆ ಅವರೇ ನಾಯಕ, ಅವರೇ ತರಬೇತುದಾರ.

ಅದೇ ಊರಿನ ಇನ್ನೊಂದು ಕ್ಲಬ್ ಆಗಲೇ ಹಲವು ಪ್ರಶಸ್ತಿ ಗೆದ್ದಿತ್ತು. 1950ರಲ್ಲಷ್ಟೇ ಓವೆನ್ಸ್-ಮರ್ರಿ ಲೀಗ್ ಸೇರಿದ್ದ ರೋವರ್ಸ್‌ಗೆ ಒಂದೂ ದಕ್ಕಿರಲಿಲ್ಲ. 1958ರಲ್ಲಿ ಅವರಿಗೆ ಮೊದಲ ಪ್ರಶಸ್ತಿ ಬಂತು, 1960ರಲ್ಲಿ ಮತ್ತೊಂದು. ಕಲಿಸುವವನು ತಾನೂ ಮೈದಾನಕ್ಕಿಳಿದರೆ ಪಾಠಕ್ಕೆ ತೂಕ ಬರುತ್ತದೆ.

ಅಲ್ಲಿ ಪಳಗಿದ ಗುರುವನ್ನು ಕಾಲಿಂಗ್‌ವುಡ್ 1964ರಲ್ಲಿ ತರಬೇತುದಾರರನ್ನಾಗಿ ಮಾಡಿಕೊಂಡಿತು. ಆಗ ಶುರುವಾಯಿತು ವಿಧಿಯ ಆಟ. ಅದೇ ವರ್ಷದ ಫೈನಲ್‌ನಲ್ಲಿ ಎರಡೂ ತಂಡಗಳಿಗೆ ಎಂಟೆಂಟು ಗೋಲು. ಪಕ್ಕದ ಕಂಬಗಳ ಲೆಕ್ಕದಲ್ಲಿ 4 ಅಂಕಗಳ ಸೋಲು. 1966ರಲ್ಲಿ ಎರಡಕ್ಕೂ ಹತ್ತತ್ತು ಗೋಲು, ಸೋಲು ಒಂದೇ ಅಂಕದಿಂದ! 1970ರಲ್ಲಿ 1,21,696 ಪ್ರೇಕ್ಷಕರೆದುರು ಅರ್ಧ ಆಟದ ಹೊತ್ತಿಗೆ 44 ಅಂಕ ಮುಂದಿದ್ದ ತಂಡ 10 ಅಂಕಗಳಿಂದ ಸೋತಿತು.

ಇಷ್ಟಾದರೂ ಅವರ ಮೇಲಿನ ಗೌರವ ಕುಂದಲಿಲ್ಲ. 1985ರಲ್ಲಿ ಕ್ಲಬ್ ಮತ್ತೆ ಅವರನ್ನೇ ಕರೆಯಿತು. 1996ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಕೀರ್ತಿಶಾಲಿಗಳ ಪಟ್ಟಿಗೆ ಸೇರಿದ ರೋಸ್, 2003ರಲ್ಲಿ ನಿಧನರಾದರು.

ಒಂದು ಅಂಕ ಕಡಿಮೆ ಬಂತೆಂದು ಮಂಕಾಗುವ ವಿದ್ಯಾರ್ಥಿಗಳು, ಗದರುವ ಪಾಲಕರು ಈ ಬಾಳನ್ನೊಮ್ಮೆ ನೋಡಬೇಕು. ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ ನಿಜ. ಆದರೆ ಅದು ಎಲ್ಲವನ್ನೂ ಹೇಳುವುದಿಲ್ಲ.