ವ್ಯಾನ್ ಬಾಗಿಲಿಗೆ ಬಂದ ಅಪರಿಚಿತರು, ಮತ್ತು ನಾನು ಮಾಡಿದ ಒಂದು ತಪ್ಪು

ಇವತ್ತಿನ ವಿಷಯಕ್ಕೆ ಹೋಗೋ ಮುಂಚೆ ಹೋದ ಸಂಚಿಕೆಯ ಒಂದು ತಪ್ಪು ಒಪ್ಕೋಬೇಕು.

ಬಾಡಿಗೆ ಕ್ಯಾಂಪರ್ ವ್ಯಾನ್‌ನಲ್ಲಿ ಕರಾವಳಿ ಸುತ್ತಿದ ಕಥೆ ಹೇಳಿದ್ನಲ್ಲ, ಅದರಲ್ಲಿ ಹೊನ್ನಾವರದ ಹತ್ತಿರ ಪೆಟ್ರೋಲ್ ಬಂಕ್‌ನಲ್ಲಿ ಸಿಕ್ಕ ಗದಗ ಕಡೆಯ ಲಾರಿ ಡ್ರೈವರ್ ನೆನಪಿರಬಹುದು. "ಒಳಗ ಒಲಿ ಐತೇನ್ರಿ?" ಅಂತ ಕೇಳಿ ಹತ್ತಿ ಬಂದವರು, ಟೀ ಕುಡಿದು ಹತ್ತು ನಿಮಿಷ ಮಾತಾಡಿ ಹೋದರು. ಅಷ್ಟು ನಿಜ. ಆದ್ರೆ ಮಗಳ ಮದುವೆಗೆ ಮಾಡಿದ ಸಾಲದ ಬಗ್ಗೆ ಹೇಳಿದ್ದು ಅವರಲ್ಲ. ಮಾರನೇ ದಿನ ಮುರ್ಡೇಶ್ವರದಲ್ಲಿ ಸಿಕ್ಕ, ಎಳನೀರು ಮಾರುವ ಒಬ್ಬರು ಅಮ್ಮ. ಕಥೆ ಗಟ್ಟಿಯಾಗಲಿ ಅಂತ ಇಬ್ಬರನ್ನೂ ಸೇರಿಸಿ ಒಬ್ಬರನ್ನಾಗಿ ಮಾಡಿಬಿಟ್ಟೆ. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಸಂಚಿಕೆ ಬಂದ ಮೂರನೇ ದಿನ ಕೇಳುಗರೊಬ್ಬರ ಮೆಸೇಜು: "ಆ ಡ್ರೈವರಣ್ಣನ ನಂಬರ್ ಕೊಡಿ, ಕೈಲಾದಷ್ಟು ಕಳಿಸ್ತೀನಿ."

ಗುರುತು ಪರಿಚಯ ಇಲ್ಲದವರು ಸಾಲದ ವಿಷಯದವರೆಗೂ ಯಾಕೆ ಹೇಳ್ಕೋತಾರೆ? ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮ್ಮೆಲ್ 1908ರಲ್ಲೇ ಇದನ್ನು ಗುರುತಿಸಿದ್ದರು: ಹತ್ತಿರದವರಿಂದ ಮುಚ್ಚಿಟ್ಟದ್ದನ್ನೂ ಜನ ಹೊರಗಿನವನ ಮುಂದೆ ಬಿಚ್ಚಿಡ್ತಾರೆ. ಅವನು ನಾಳೆ ಊರಲ್ಲಿರಲ್ಲ, ಮಾತು ನೆಂಟರ ಕಿವಿಗೆ ಬೀಳಲ್ಲ. ಮನೆಯನ್ನೇ ಚಕ್ರದ ಮೇಲೆ ಇಟ್ಕೊಂಡು ಬಂದವನಂತೂ ನಾಳೆ ಇರೋದಿಲ್ಲ ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತೆ. ಜೊತೆಗೆ ಬಾಗಿಲು ತೆರೆದಿದ್ದರೆ ಒಲೆ, ಹಾಸಿಗೆ, ಒಣಗೋಕೆ ಹಾಕಿದ ಟವೆಲ್ ಎಲ್ಲಾ ಕಾಣುತ್ತೆ. ಕಾರಿನವರಿಗೆ ಜನ ದಾರಿ ಹೇಳಿ ಸುಮ್ಮನಾಗ್ತಾರೆ, ವ್ಯಾನಿನವರ ಮನೆ ನೋಡೋಕೆ ಬರ್ತಾರೆ.

ಇದನ್ನು ಚೆನ್ನಾಗಿ ಬಲ್ಲವರು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. 1960ರ ಸೆಪ್ಟೆಂಬರ್‌ನಲ್ಲಿ, 58ನೇ ವಯಸ್ಸಿನಲ್ಲಿ, ಜಿಎಂಸಿ ಪಿಕಪ್ ಮೇಲೆ ಪುಟ್ಟ ಮನೆ ಕೂರಿಸಿಕೊಂಡು ದೇಶ ನೋಡೋಕೆ ಹೊರಟರು. ಗಾಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ರೊಸಿನಾಂಟೆ. ಜೊತೆಗೆ ಚಾರ್ಲಿ ಅನ್ನೋ ಪೂಡಲ್ ನಾಯಿ. ಸುಮಾರು 16,000 ಕಿಲೋಮೀಟರ್ ದಾರಿ. ಸುಮ್ಮನೆ ತಿರುಗುವವನನ್ನು ಜನ ನಂಬಲ್ಲ ಅಂತ ಬಂದೂಕು, ಮೀನಿನ ಗಾಳ ಇಟ್ಕೊಂಡರು. ಬೇಟೆಗೆ ಹೊರಟವನನ್ನು ಯಾರೂ ಪ್ರಶ್ನಿಸಲ್ಲ. ಮೇನ್ ರಾಜ್ಯದಲ್ಲಿ ಆಲೂಗಡ್ಡೆ ಕೀಳಲು ಕೆನಡಾದಿಂದ ಬಂದಿದ್ದ ಕುಟುಂಬದ ಕಡೆಗೆ ಮೊದಲು ನಾಯಿಯನ್ನು ಬಿಟ್ಟು, ಆ ನೆಪದಲ್ಲಿ ಪರಿಚಯ ಮಾಡ್ಕೊಂಡು, ಅವರನ್ನು ಗಾಡಿಗೆ ಕರೆದು ಸತ್ಕರಿಸಿದರು.

ಎಲ್ಲರೂ ಹಾಗೆ ಬಾಯಿ ಬಿಡಲಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಶಾಲೆಗೆ ಹೋಗುತ್ತಿದ್ದ ಪುಟ್ಟ ಕಪ್ಪು ಹುಡುಗಿಯ ಮೇಲೆ ಬಿಳಿ ಹೆಂಗಸರು ಕೂಗಾಡುವುದನ್ನು ನೋಡಿದ ಮೇಲೆ, ದಾರಿಯಲ್ಲಿ ನಡೆದು ಹೋಗುತ್ತಿದ್ದ ಕಪ್ಪು ಮುದುಕರೊಬ್ಬರನ್ನು ಗಾಡಿಗೆ ಹತ್ತಿಸಿಕೊಂಡರು. ಸ್ಟೈನ್‌ಬೆಕ್ ಪ್ರಶ್ನೆ ಕೇಳಿದಷ್ಟೂ ಅವರು ಮುದುಡಿದರು. ಇಲ್ಲೇ ಮನೆ ಅಂತ ಹೇಳಿ ಇಳಿದರು. ಕನ್ನಡಿಯಲ್ಲಿ ನೋಡಿದರೆ, ಅವರು ಮತ್ತೆ ಅದೇ ರಸ್ತೆಯಲ್ಲಿ ನಡೆಯುತ್ತಿದ್ದರು. ನಾಳೆ ಇರಲ್ಲ ಅನ್ನೋ ಧೈರ್ಯ ಪ್ರಶ್ನೆ ಕೇಳುವವನಿಗಿತ್ತು, ಅಲ್ಲೇ ಬದುಕಬೇಕಾದ ಆ ಮುದುಕರಿಗಿರಲಿಲ್ಲ.

1962ರಲ್ಲಿ ಬಂದ 'ಟ್ರಾವೆಲ್ಸ್ ವಿತ್ ಚಾರ್ಲಿ' ಪುಸ್ತಕದಲ್ಲಿ ಇದೆಲ್ಲಾ ಇದೆ. ತೊಂದರೆ ಇರೋದೂ ಇಲ್ಲೇ. 2010ರಲ್ಲಿ ಪತ್ರಕರ್ತ ಬಿಲ್ ಸ್ಟೈಗರ್‌ವಾಲ್ಡ್ ಅದೇ ದಾರಿಯಲ್ಲಿ ಹೋಗಿ, ಹಳೇ ಪತ್ರಗಳನ್ನೂ ತಾಳೆ ನೋಡಿದರು. ನಾರ್ತ್ ಡಕೋಟಾದ ಆಲಿಸ್ ಎಂಬ ಊರಿನ ಬಳಿ ಊರೂರು ತಿರುಗುವ ಷೇಕ್ಸ್‌ಪಿಯರ್ ನಟ ಸಿಕ್ಕ ಅಂತ ಪುಸ್ತಕ ಹೇಳುವ ಆ ರಾತ್ರಿ, ಸ್ಟೈನ್‌ಬೆಕ್ ಇದ್ದದ್ದು ರಾಜ್ಯದ ಇನ್ನೊಂದು ತುದಿಯ ಮೋಟೆಲ್‌ನಲ್ಲಿ ಅನ್ನೋದು ಅವರ ವಾದ. ಎಷ್ಟೋ ಭೇಟಿಗಳು ಕಲ್ಪನೆ ಇರಬೇಕು ಅಂದರು. ಇದನ್ನು ಅಕ್ಷರಶಃ ನಿಜ ಅಂತ ಓದಬೇಡಿ ಅಂತ ಆ ಪುಸ್ತಕದ 50ನೇ ವರ್ಷದ ಆವೃತ್ತಿಯ ಮುನ್ನುಡಿಯೇ ಎಚ್ಚರಿಸುತ್ತೆ.

ಬಿಕಾಂ ಭಾಷೆಯಲ್ಲಿ ಇದು ವೋಚರ್ ಇಲ್ಲದ ಎಂಟ್ರಿ. ಒಳ್ಳೇ ಪುಸ್ತಕ, ಈಗಲೂ ನನಗಿಷ್ಟ. ಆದ್ರೆ ಆ ಮುದುಕರು ನಿಜವಾಗಿ ಇದ್ದರಾ ಅನ್ನೋ ಅನುಮಾನ ಬಂದ ಮೇಲೆ ಆ ಪುಟ ಮೊದಲಿನ ಹಾಗೆ ಓದೋಕೆ ಆಗ್ತಿಲ್ಲ.

ಮೆಸೇಜು ಮಾಡಿದವರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಅಮ್ಮನ ನಂಬರ್ ಇದೆಯಾ?" ಅಂದರು. ಇಲ್ಲ, ನಾನು ಹೆಸರೂ ಕೇಳಿರಲಿಲ್ಲ. ಹೋದ ಸಂಚಿಕೆಯ ಆ ಭಾಗ ತೆಗೆದಿದ್ದೀನಿ. ಅವರ ಗಾಡಿ ದೇವಸ್ಥಾನಕ್ಕೆ ಹೋಗೋ ರಸ್ತೆಯಲ್ಲಿತ್ತು. ಮುಂದಿನ ತಿಂಗಳು ಹೋಗಿ ಹುಡುಕ್ತೀನಿ. ಈ ಸಲ ಬಸ್ಸಲ್ಲಿ.